ಒಂದು ನೇಗಿಲ ಸಾಲಿನ ಒತ್ತುವರಿ

ನವೆಂಬರ್ ತಿಂಗಳ ಕೊನೆಯ ದಿನಗಳು. ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್ ಪ್ರಾಂತದ ಲ್ಯಾಕ್ಸ್‌ಟನ್ ಎಂಬ ಹಳ್ಳಿಯಲ್ಲಿ ಆಗ ಹೊತ್ತು ಏರುವುದು ತಡ, ಇಳಿಯುವುದು ಬೇಗ. ಭಾರವಾದ ಜೇಡಿಮಣ್ಣು ಬೂಟುಗಳಿಗೆ ಅಂಟಿಕೊಳ್ಳುತ್ತದೆ. ಆ ಕೆಸರಿನಲ್ಲಿ ಹನ್ನೆರಡು ಮಂದಿ ರೈತರು ಟ್ರ್ಯಾಕ್ಟರಿನ ಹಿಂದೆ ಕಟ್ಟಿದ ಟ್ರೇಲರಿನಿಂದ ಇಳಿದು, ಆಗತಾನೆ ಗೋಧಿ ಬಿತ್ತಿರುವ ಹೊಲದ ಅಂಚಿನಲ್ಲಿ ನಿಲ್ಲುತ್ತಾರೆ. ಒಬ್ಬನ ಕೈಯಲ್ಲಿ ಸಲಿಕೆ, ಇನ್ನೊಬ್ಬನ ಕೈಯಲ್ಲಿ ಮರದ ಸುತ್ತಿಗೆ, ಟ್ರೇಲರಿನಲ್ಲಿ ಚೂಪು ಮಾಡಿದ ಗೂಟಗಳ ರಾಶಿ. ಅವರ ಮುಂದಿರುವ ಪ್ರಶ್ನೆ ಇಷ್ಟೇ: ಈ ಪಟ್ಟಿಯನ್ನು ಉತ್ತವನು ಎಲ್ಲಿಗೆ ನಿಲ್ಲಿಸಬೇಕಾಗಿತ್ತೋ ಅಲ್ಲಿಗೆ ನಿಲ್ಲಿಸಿದ್ದಾನೆಯೇ? ಅಥವಾ ಒಂದು ಸಾಲು ಆಚೆಗೆ ಹೋಗಿ, ಎಲ್ಲರಿಗೂ ಸೇರಿದ ಹುಲ್ಲಿನ ದಾರಿಯನ್ನು ತನ್ನ ಹೊಲಕ್ಕೆ ಸೇರಿಸಿಕೊಂಡಿದ್ದಾನೆಯೇ?

ಹಾಗೆ ಉತ್ತವನು ಹೆಚ್ಚಾಗಿ ಅಲ್ಲಿಯೇ, ಆ ಹನ್ನೆರಡು ಮಂದಿಯ ನಡುವೆಯೇ ನಿಂತಿರುತ್ತಾನೆ. ಈ ಸಂಗತಿಯಿಂದಾಗಿಯೇ ಲ್ಯಾಕ್ಸ್‌ಟನ್ನಿನ ಕತೆ ಕೇವಲ ಕೃಷಿಯ ಇತಿಹಾಸವಾಗಿ ಉಳಿಯುವುದಿಲ್ಲ.

ಕನ್ನಡ ಓದುಗರಿಗೆ ಇಂಗ್ಲೆಂಡಿನ ಹಳ್ಳಿ ಪರಿಚಯವಾದದ್ದು ಬಹುಪಾಲು ಕಾವ್ಯದ ಮೂಲಕ. ತಾಮಸ್ ಗ್ರೇ ಕವಿಯ ಸ್ಮಶಾನದ ಎಲಿಜಿ, ಆಲಿವರ್ ಗೋಲ್ಡ್‌ಸ್ಮಿತ್ 1770ರಲ್ಲಿ ಪ್ರಕಟಿಸಿದ ಪಾಳುಬಿದ್ದ ಹಳ್ಳಿಯ ಶೋಕಗೀತ, ಅದಕ್ಕೆ ಉತ್ತರವೆಂಬಂತೆ 1783ರಲ್ಲಿ ಬಂದ ಜಾರ್ಜ್ ಕ್ರ್ಯಾಬ್‌ನ ಕಟುವಾದ ಚಿತ್ರ, ಆಮೇಲೆ ತಾಮಸ್ ಹಾರ್ಡಿಯ ಕಾದಂಬರಿಗಳು—ಇವೆಲ್ಲ ತರಗತಿಗಳಲ್ಲಿ ಪಾಠವಾಗಿವೆ. ಆದರೆ ಕವಿಗಳಿಗೆ ಹಳ್ಳಿಯ ಸಂತೋಷ ಬೇಕು, ಇಲ್ಲವೇ ಹಳ್ಳಿಯ ದುಃಖ ಬೇಕು. ಚರಂಡಿಯನ್ನು ಈ ವರ್ಷ ಯಾರು ತೋಡಬೇಕು, ಬೀದಿಗೆ ಬಿದ್ದ ಹಸುವನ್ನು ಎಲ್ಲಿ ಕಟ್ಟಬೇಕು, ಕೊಯ್ಲಾದ ಎಷ್ಟು ದಿನಕ್ಕೆ ಕೂಳೆಯ ಮೇಲೆ ದನ ಬಿಡಬಹುದು ಎಂಬ ಮಾತುಗಳಿಗೆ ಛಂದಸ್ಸು ಒದಗುವುದಿಲ್ಲ. ಹಳ್ಳಿಯೊಂದು ಹಳ್ಳಿಯಾಗಿ ಉಳಿಯುವುದು ಮಾತ್ರ ಬಹುಮಟ್ಟಿಗೆ ಈ ಮಾತುಗಳಿಂದಲೇ. ಅದನ್ನು ಅರಿಯಲು ಕಾವ್ಯಸಂಕಲನವನ್ನು ಬದಿಗಿಟ್ಟು ಮ್ಯಾನರ್ ನ್ಯಾಯಾಲಯಗಳ ಕಡತಗಳನ್ನು ಬಿಚ್ಚಬೇಕಾಗುತ್ತದೆ.

ಲ್ಯಾಕ್ಸ್‌ಟನ್ನಿನಲ್ಲಿ ಇಂದಿಗೂ ಮೂರು ದೊಡ್ಡ ಬಯಲು ಹೊಲಗಳಿವೆ: ಪಡುವಣ ಹೊಲ, ಗಿರಣಿ ಹೊಲ, ತೆಂಕಣ ಹೊಲ. ಒಂದೊಂದು ಹೊಲವೂ ಬೇಲಿಯಿಲ್ಲದ ವಿಸ್ತಾರ. ಅದರೊಳಗೆ ಹಲವು ರೈತರ ಪಟ್ಟಿಗಳು ಪಕ್ಕಪಕ್ಕದಲ್ಲಿ ಮಲಗಿವೆ. ಒಬ್ಬ ರೈತನ ಭೂಮಿಯೆಲ್ಲ ಒಂದೇ ಕಡೆ ಇರುವುದಿಲ್ಲ. ಮೂರು ಹೊಲಗಳಲ್ಲಿಯೂ ಚದುರಿಕೊಂಡಿರುತ್ತದೆ. ಮಧ್ಯಯುಗದ ಇಂಗ್ಲೆಂಡಿನ ನಡುನಾಡಿನಲ್ಲಿ ಎಲ್ಲೆಲ್ಲಿಯೂ ಇದ್ದ ಈ ಪದ್ಧತಿಯಲ್ಲಿ ಒಂದು ಹೊಲಕ್ಕೆ ಚಳಿಗಾಲದ ಮೊದಲು ಗೋಧಿ, ಇನ್ನೊಂದಕ್ಕೆ ವಸಂತದಲ್ಲಿ ಬಾರ್ಲಿ, ಓಟ್ಸ್, ಬಟಾಣಿಯಂಥ ಬೆಳೆ, ಮೂರನೆಯದು ಬೀಳು. ಮರುವರ್ಷ ಸರದಿ ಬದಲಾಗುತ್ತದೆ. ಬೀಳು ಬಿಟ್ಟ ಹೊಲದ ಮೇಲೆ ಊರಿನ ಕುರಿ–ದನ ಮೇಯುತ್ತಿದ್ದವು. ಅವುಗಳ ಗೊಬ್ಬರವೇ ಮುಂದಿನ ಗೋಧಿಗೆ ಸಾರ. ಇತ್ತೀಚಿನ ದಶಕಗಳಲ್ಲಿ ಆ ಬೀಳಿನ ವರ್ಷದಲ್ಲಿ ಮೇವಿನ ಬೆಳೆ ಬಂದಿದೆ. ಆದರೆ ಮೂರು ವರ್ಷದ ಸರದಿ ಮುರಿದಿಲ್ಲ.

ಪಟ್ಟಿಯ ಆಕಾರದಲ್ಲಿ ನೇಗಿಲಿನ ಚರಿತ್ರೆಯೇ ಅಡಗಿದೆ. ಇಂಗ್ಲಿಷಿನಲ್ಲಿ ‘ಫರ್ಲಾಂಗ್’ ಎಂಬ ಅಳತೆ ಹುಟ್ಟಿದ್ದು ‘ಸಾಲಿನ ಉದ್ದ’ ಎಂಬ ಅರ್ಥದಿಂದ: ಎತ್ತುಗಳ ಹೂಟೆ ಒಂದೇ ಬಿಗಿಯಲ್ಲಿ ಎಳೆದು, ತಿರುಗುವ ಮೊದಲು ಉಸಿರು ಬಿಡುವಷ್ಟು ದೂರ, ಅಂದರೆ 220 ಗಜ. ಎಕರೆ ಎಂದರೆ 220 ಗಜ ಉದ್ದ, 22 ಗಜ ಅಗಲದ ಭೂಮಿ. ಒಂದು ಹೂಟೆ ಒಂದು ದಿನದಲ್ಲಿ ಉಳಬಹುದಾದಷ್ಟು ಎಂದು ಸಂಪ್ರದಾಯ ಹೇಳುತ್ತದೆ. ಉದ್ದನೆಯ ಹೂಟೆಯನ್ನು ತಟ್ಟನೆ ತಿರುಗಿಸಲಾಗದು. ಆದ್ದರಿಂದ ಉಳುವವನು ಕೊನೆ ಬರುವ ಮೊದಲೇ ಎತ್ತುಗಳನ್ನು ಓರೆಗೆ ಹೊಡೆಯುತ್ತಿದ್ದ. ಹೀಗಾಗಿ ಹಳೆಯ ಪಟ್ಟಿಗಳೆಲ್ಲ ಮೆಲ್ಲಗೆ ಬಳುಕಿದ ರೇಖೆಗಳಾಗಿ ಉಳಿದವು. ಕರ್ನಾಟಕದ ಶಾಲೆಗಳಲ್ಲಿ ಹಿಂದೆ ಕಂಠಪಾಠವಾಗುತ್ತಿದ್ದ ಎಕರೆ–ಫರ್ಲಾಂಗುಗಳ ಹಿಂದೆ ಯಾವುದೋ ಶೀತದೇಶದ ಎತ್ತುಗಳ ಏದುಸಿರು ಇದೆಯೆಂಬುದನ್ನು ಗಣಿತದ ಮೇಷ್ಟರು ಹೇಳುತ್ತಿದ್ದುದು ಅಪರೂಪ.

ಭೂಮಿಯನ್ನು ಹೀಗೆ ಚದುರಿಸಿ ಹಂಚಿಕೊಂಡದ್ದೇಕೆ ಎಂಬುದು ವಿದ್ವಾಂಸರ ನಡುವಿನ ಹಳೆಯ ವಾದ. ಲ್ಯಾಕ್ಸ್‌ಟನ್ನನ್ನೇ ಆಧಾರವಾಗಿಟ್ಟುಕೊಂಡು 1938ರಲ್ಲಿ ‘ದಿ ಓಪನ್ ಫೀಲ್ಡ್ಸ್’ ಎಂಬ ಗ್ರಂಥವನ್ನು ಬರೆದ ಆರ್ವಿನ್ ದಂಪತಿಗಳು ಇದರ ಕಾರಣವನ್ನು ನೇಗಿಲಿನಲ್ಲಿಯೇ ಹುಡುಕಿದರು: ಕೂಡಿ ಉಳುವ ಜನ ದಿನದಿನದ ಉಳುಮೆಯನ್ನು ಸರದಿಯಂತೆ ಹಂಚಿಕೊಂಡುದರ ಫಲ ಈ ಪಟ್ಟಿಗಳು ಎಂದು. ಅರ್ಥಶಾಸ್ತ್ರಜ್ಞೆ ಡೀರ್ಡ್ರೆ ಮೆಕ್‌ಕ್ಲಾಸ್ಕಿ ಬೇರೆ ದಿಕ್ಕಿನಿಂದ ನೋಡಿದರು: ತಗ್ಗಿನಲ್ಲಿ ನೀರು ನಿಂತು ಬೆಳೆ ಕೊಳೆತರೆ ದಿಬ್ಬದಲ್ಲಿ ಸ್ವಲ್ಪವಾದರೂ ಕೈಗೆ ಬರಲಿ ಎಂಬ ಎಚ್ಚರ, ಅಂದರೆ ಒಂದು ಬಗೆಯ ವಿಮೆ. ಎರಡೂ ವಾದಗಳಲ್ಲಿ ಹುರುಳಿದೆ. ಕಾರಣ ಯಾವುದಾದರೂ ಪರಿಣಾಮ ಒಂದೇ. ಒಬ್ಬೊಬ್ಬನಿಗೂ ಹತ್ತಾರು ಕಡೆ ಹತ್ತಾರು ನೆರೆಯವರು. ಪ್ರತಿಯೊಬ್ಬ ನೆರೆಯವನೊಡನೆಯೂ ಒಂದೊಂದು ಗಡಿ. ಪ್ರತಿಯೊಂದು ಗಡಿಯಲ್ಲಿಯೂ ಜಗಳಕ್ಕೆ ಬೇಕಾದಷ್ಟು ಜಾಗ.

ಇಂಗ್ಲಿಷಿನ ‘ನೇಬರ್’ ಎಂಬ ಪದವನ್ನು ಬಿಡಿಸಿದರೆ ಹಳೆಯ ಇಂಗ್ಲಿಷಿನಲ್ಲಿ ‘ಹತ್ತಿರದ ಒಕ್ಕಲಿಗ’ ಎಂಬ ಅರ್ಥ ಹೊರಡುತ್ತದೆ. ಹತ್ತಿರದ ಮನೆಯವನೆಂಬುದಕ್ಕಿಂತ ಹತ್ತಿರದಲ್ಲಿ ಬೇಸಾಯ ಮಾಡುವವನು. ಕನ್ನಡದ ‘ನೆರೆ’ಗೆ ಹಳಗನ್ನಡದಲ್ಲಿ ಕೂಡು, ಸೇರು ಎಂಬ ಅರ್ಥವೂ ಉಂಟು. ಒಂದು ಭಾಷೆ ಗಡಿಯನ್ನು ನೋಡಿತು, ಇನ್ನೊಂದು ಕೂಟವನ್ನು ನೋಡಿತು ಎಂದು ಇಲ್ಲಿ ಚಮತ್ಕಾರ ಮಾಡಬಹುದು; ಆದರೆ ಪದನಿಷ್ಪತ್ತಿಯ ಮೇಲೆ ಅಷ್ಟು ಭಾರ ಹೊರಿಸುವುದು ತರವಲ್ಲ. ಅದಕ್ಕಿಂತ ಗಟ್ಟಿಯಾದ ಸಾಕ್ಷಿ ‘ಬೈ–ಲಾ’ ಎಂಬ ಪದದಲ್ಲಿದೆ. ಇಂದು ಸಹಕಾರ ಸಂಘದಿಂದ ಹಿಡಿದು ಕ್ರಿಕೆಟ್ ಮಂಡಳಿಯವರೆಗೆ ಎಲ್ಲರೂ ಬಳಸುವ ಈ ಪದದ ಮೊದಲ ಭಾಗ ಸ್ಕ್ಯಾಂಡಿನೇವಿಯದಿಂದ ಬಂದವರ ಮಾತಿನಲ್ಲಿ ‘ಊರು’ ಎಂಬುದರ ಹೆಸರು. ಬೈ–ಲಾ ಎಂದರೆ ಊರ ಕಟ್ಟಳೆ.

ಆ ಊರ ಕಟ್ಟಳೆಗಳನ್ನು ಡಬ್ಲ್ಯು. ಒ. ಆಲ್ಟ್ ಎಂಬ ವಿದ್ವಾಂಸ ಮಧ್ಯಯುಗದ ಕಡತಗಳಿಂದ ಹೆಕ್ಕಿ 1972ರಲ್ಲಿ ಗ್ರಂಥವಾಗಿ ಹೊರತಂದರು. ಅವುಗಳಲ್ಲಿ ತತ್ತ್ವವೆಂಬುದು ಎಲ್ಲಿಯೂ ಇಲ್ಲ, ಎಲ್ಲವೂ ವ್ಯವಹಾರ. ಕತ್ತಲಾದ ಮೇಲೆ ಹೊಲದಿಂದ ತೆನೆ ಸಾಗಿಸಕೂಡದು. ಕೂಲಿಯನ್ನು ಹೊಲದಲ್ಲಿಯೇ ಸಿವುಡಿನ ರೂಪದಲ್ಲಿ ಕೊಡಕೂಡದು. ಕೊಟ್ಟರೆ ಕದ್ದ ಸಿವುಡು ಯಾವುದು, ಕೂಲಿಯ ಸಿವುಡು ಯಾವುದು ಎಂದು ತಿಳಿಯುವ ಬಗೆಯಿರುವುದಿಲ್ಲ. ಮೈಯಲ್ಲಿ ಕಸುವಿದ್ದು ಕೊಯ್ಲಿನ ಕೂಲಿಗೆ ಹೋಗಬಲ್ಲವರು ಹಕ್ಕಲಾಯಕೂಡದು. ಹಕ್ಕಲು ಮುದುಕರಿಗೆ, ಮಕ್ಕಳಿಗೆ, ದುಡಿಯಲಾರದವರಿಗೆ. ನೆಲ ಕೆದಕದಂತೆ ಹಂದಿಯ ಮೂತಿಗೆ ಬಳೆ ಹಾಕಬೇಕು. ಕೊಯ್ಲು ಪೂರ್ತಿ ಮುಗಿದು ಇಷ್ಟು ದಿನವಾಗುವವರೆಗೆ ಕೂಳೆಯ ಮೇಲೆ ದನ ಬಿಡಕೂಡದು. ಇವನ್ನು ಓದುವಾಗ ಒಂದು ಅಂಶ ಎದ್ದು ಕಾಣುತ್ತದೆ. ಪ್ರತಿಯೊಂದು ಕಟ್ಟಳೆಯ ಹಿಂದೆಯೂ ಅದನ್ನು ಮುರಿದವನೊಬ್ಬ ಇದ್ದೇ ಇದ್ದಾನೆ. ಯಾರೂ ರಾತ್ರಿ ತೆನೆ ಸಾಗಿಸದಿದ್ದರೆ ರಾತ್ರಿ ಸಾಗಿಸಬಾರದೆಂಬ ಕಟ್ಟಳೆ ಹುಟ್ಟುವುದಿಲ್ಲ. ನೆರೆಹೊರೆಯ ಸಾಮರಸ್ಯ ಎಂದು ದೂರದಿಂದ ಕಾಣುವುದು ಹತ್ತಿರದಿಂದ ನೋಡಿದರೆ ಇಂಥ ನೂರು ಸಣ್ಣ ಅಪನಂಬಿಕೆಗಳನ್ನು ಕ್ರಮಕ್ಕೆ ತಂದುಕೊಂಡದ್ದು.

ಇಂಗ್ಲೆಂಡಿನ ಹಳ್ಳಿಗಳಲ್ಲಿ ದಾರಿ ತಪ್ಪಿದ ದನಗಳನ್ನು ಕೂಡಲು ಕಲ್ಲಿನದೋ ಇಟ್ಟಿಗೆಯದೋ ಒಂದು ಸಣ್ಣ ಆವರಣವಿರುತ್ತಿತ್ತು; ಅದನ್ನು ನೋಡಿಕೊಳ್ಳುವವನಿಗೆ ‘ಪಿಂಡರ್’ ಎಂದು ಹೆಸರು. ದಂಡ ತೆತ್ತು ಬಿಡಿಸಿಕೊಂಡು ಹೋಗಬೇಕು. ಲ್ಯಾಕ್ಸ್‌ಟನ್ನಿನಲ್ಲಿಯೂ ಅಂಥದೊಂದಿದೆ. ಬ್ರಿಟಿಷ್ ಸರಕಾರ 1871ರಲ್ಲಿ ಭಾರತಕ್ಕೆ ದನಗಳ ಅತಿಕ್ರಮಣ ಕಾಯ್ದೆಯನ್ನು ತಂದಾಗ ಈ ಏರ್ಪಾಡೇ ಕಾನೂನಿನ ರೂಪದಲ್ಲಿ ಕನ್ನಡ ನಾಡಿಗೂ ಬಂತು. ದಕ್ಷಿಣದವರು ಅದನ್ನು ದೊಡ್ಡಿ ಎಂದರು, ಉತ್ತರದವರು ಕೊಂಡವಾಡ ಎಂದರು. ಎರಡು ಏರ್ಪಾಡುಗಳ ನಡುವೆ ಒಂದು ವ್ಯತ್ಯಾಸ ಮಾತ್ರ ಉಳಿಯಿತು. ಪಿಂಡರನನ್ನು ನೇಮಿಸುತ್ತಿದ್ದದ್ದು ಊರಿನ ನ್ಯಾಯಾಲಯ. ದೊಡ್ಡಿಯ ಕಾವಲುಗಾರನನ್ನು ನೇಮಿಸುತ್ತಿದ್ದದ್ದು ಸರಕಾರದ ಅಧಿಕಾರಿ.

ಈಗ ಲ್ಯಾಕ್ಸ್‌ಟನ್ನಿನ ಹನ್ನೆರಡು ಮಂದಿಯ ಬಳಿಗೆ ಮರಳಬಹುದು. ಇವರಿಗೆ ಜ್ಯೂರಿ ಎಂದು ಹೆಸರು. ಕನ್ನಡದಲ್ಲಿ ಪಂಚರು ಎಂದರೆ ಸಲ್ಲುತ್ತದೆ. ಪ್ರತಿವರ್ಷ ಆ ವರ್ಷ ಗೋಧಿ ಬಿತ್ತಿದ ಹೊಲವನ್ನು ಮಾತ್ರ ಇವರು ಪರೀಕ್ಷಿಸುತ್ತಾರೆ. ಹೊಸದಾಗಿ ಉತ್ತು ಬಿತ್ತಿದ ಹೊಲದಲ್ಲಿಯೇ ಒತ್ತುವರಿ ಕಣ್ಣಿಗೆ ಬೀಳುವುದು. ಮೂರು ವರ್ಷಕ್ಕೆ ಮೂರು ಹೊಲಗಳ ಸುತ್ತು ಮುಗಿಯುತ್ತದೆ. ಪಟ್ಟಿಯ ತುದಿ ರಸ್ತೆಯನ್ನು ಮುಟ್ಟುವಲ್ಲಿ, ಇಲ್ಲವೇ ‘ಸೈಕ್’ ಎಂದು ಕರೆಯುವ ಹುಲ್ಲುಪಟ್ಟಿಯನ್ನು ಮುಟ್ಟುವಲ್ಲಿ ಇವರು ನಿಲ್ಲುತ್ತಾರೆ. ಸೈಕ್ ಎಂದರೆ ಇಳಿಜಾರೆಂದೋ ತೇವವೆಂದೋ ನೇಗಿಲಿಗೆ ಒಗ್ಗದೆ ಉಳಿದ ನೆಲ. ಅದರ ಹುಲ್ಲು ಎಲ್ಲರದು. ಚರಂಡಿ ಹೂಳು ತುಂಬಿದೆಯೇ ಎಂದು ನೋಡುತ್ತಾರೆ. ಹಿಂದಿನ ಗುರುತಿನ ನೆನಪು, ಕಣ್ಣಳತೆ, ಒಂದಿಷ್ಟು ವಾದ—ಇವುಗಳಿಂದ ಎಲ್ಲೆ ನಿರ್ಧಾರವಾಗುತ್ತದೆ. ಗೂಟ ಹೊಡೆಯುತ್ತಾರೆ. ಗೂಟದಾಚೆಗೆ ಉತ್ತ ಮಣ್ಣು ಕಂಡರೆ ಆ ಪಟ್ಟಿಯವನ ಹೆಸರು ಬರೆದುಕೊಳ್ಳುತ್ತಾರೆ. ಮುಗಿದ ಮೇಲೆ ಎಲ್ಲರೂ ಕೂಡಿ ಊಟ.

ಒಂದು ವಾರದ ಬಳಿಕ ಊರಿನ ಡವ್‌ಕೋಟ್ ಇನ್ ಎಂಬ ಪಾನಗೃಹದಲ್ಲಿ ‘ಕೋರ್ಟ್ ಲೀಟ್’ ಸೇರುತ್ತದೆ. ಮ್ಯಾನರಿನ ಒಡೆಯನ ಪರವಾಗಿ ಸ್ಟೀವರ್ಡ್ ಎಂಬ ಅಧಿಕಾರಿ ಕೂರುತ್ತಾನೆ. ಬೇಲಿಫ್ ಸಭೆಯನ್ನು ಕರೆಯುತ್ತಾನೆ. ಪಂಚರು ತಾವು ಕಂಡದ್ದನ್ನು ಒಪ್ಪಿಸುತ್ತಾರೆ. ಒತ್ತುವರಿಗೆ ದಂಡ ವಿಧಿಸುತ್ತಾರೆ. ದಂಡವೆಂದರೆ ಹೆಚ್ಚೆಂದರೆ ಕೆಲವೇ ಪೌಂಡು. ಟ್ರ್ಯಾಕ್ಟರಿನ ಒಂದು ಹೊತ್ತಿನ ಡೀಸೆಲಿಗೂ ಸಾಲದು. ಆಮೇಲೆ ಮರುವರ್ಷದ ಪಂಚರನ್ನು ನೇಮಿಸಿ ಪ್ರಮಾಣವಚನ ಮಾಡಿಸುತ್ತಾರೆ.

ಇಷ್ಟು ಸಣ್ಣ ದಂಡಕ್ಕೆ ಯಾರಾದರೂ ಹೆದರುತ್ತಾರೆಯೇ ಎಂಬ ಪ್ರಶ್ನೆ ಸಹಜ. ಪೇಟೆಯಿಂದ ಬಂದವರು ಇದನ್ನೊಂದು ವೇಷಭೂಷಣವಿಲ್ಲದ ನಾಟಕವೆಂದು ತಿಳಿಯುವುದೂ ಉಂಟು. ಆದರೆ ದಂಡದ ಮೊತ್ತವನ್ನು ನೋಡುವವರು ದಂಡ ವಿಧಿಸುವವರ ಮುಖವನ್ನು ನೋಡಿರುವುದಿಲ್ಲ. ದೂರದ ಪಟ್ಟಣದ ನ್ಯಾಯಾಧೀಶನೊಬ್ಬ ಸಾವಿರ ಪೌಂಡು ದಂಡ ಹಾಕಿದರೆ ಅದನ್ನು ಕಟ್ಟಿ, ನ್ಯಾಯಾಧೀಶನನ್ನು ಬೈದುಕೊಂಡು ಮನೆಗೆ ಹೋಗಬಹುದು. ಪಕ್ಕದ ಪಟ್ಟಿಯವನು, ಮಳೆ ಬರುವ ಮುನ್ನ ಹುಲ್ಲು ಕಟ್ಟಲು ನೆರವಿಗೆ ಬಂದವನು, ತುಂಬಿದ ಸಭೆಯಲ್ಲಿ ‘ಇವನು ಒಂದು ಸಾಲು ಆಚೆಗೆ ಉತ್ತಿದ್ದಾನೆ’ ಎಂದು ಹೇಳಿದರೆ, ಆ ಮಾತಿನಿಂದ ತಪ್ಪಿಸಿಕೊಂಡು ಹೋಗಲು ಬೇರೆ ಊರಿಲ್ಲ. ಹೇಳುವವನಿಗೂ ಅದು ಸುಲಭವಲ್ಲ. ಮುಂದಿನ ವರ್ಷ, ಮುಂದಿನ ಹೊಲದಲ್ಲಿ, ಅವನ ಪಟ್ಟಿಯ ತುದಿಯಲ್ಲಿಯೂ ಇದೇ ಗುಂಪು ನಿಲ್ಲುತ್ತದೆ. ನೆರೆಯವನ ತಪ್ಪನ್ನು ಕಾಣದವನಂತೆ ಹೋಗುವುದು ಎಲ್ಲ ಊರುಗಳಲ್ಲಿಯೂ ನಡೆದುಕೊಂಡು ಬಂದ ಸೌಜನ್ಯ. ಆ ಸೌಜನ್ಯವೇ ದಾರಿಯನ್ನು ವರ್ಷಕ್ಕೊಂದು ಸಾಲಿನಂತೆ ತಿಂದುಹಾಕುತ್ತದೆ ಎಂಬುದನ್ನು ಅರಿತವರು ಈ ಏರ್ಪಾಡನ್ನು ಮಾಡಿರಬೇಕು.

ಜೈನ ಶ್ರಾವಕನ ಪರಿಗ್ರಹಪರಿಮಾಣ ವ್ರತಕ್ಕೆ ಹೇಳಿರುವ ಅತಿಚಾರಗಳಲ್ಲಿ ಕ್ಷೇತ್ರ–ವಾಸ್ತುಗಳ ಪ್ರಮಾಣವನ್ನು ಮೀರುವುದು ಮೊದಲನೆಯದು ಎಂಬುದು ಇಲ್ಲಿ ನೆನಪಾಗದಿರದು. ಆದರೆ ಹೋಲಿಕೆಯನ್ನು ಎಳೆಯಬಾರದು. ಶ್ರಾವಕನ ಎಲ್ಲೆ ಅವನೇ ತನಗೆ ಹಾಕಿಕೊಂಡದ್ದು. ಅದನ್ನು ಮೀರಿದರೆ ಸಾಕ್ಷಿ ಅವನ ಅಂತರಂಗ. ಲ್ಯಾಕ್ಸ್‌ಟನ್ನಿನ ಎಲ್ಲೆ ಊರು ಹಾಕಿದ್ದು. ಸಾಕ್ಷಿ ಹನ್ನೆರಡು ಜೋಡಿ ಕಣ್ಣು. ಒಂದೇ ಒಂದು ಅಂಶದಲ್ಲಿ ಎರಡೂ ಕೂಡುತ್ತವೆ: ಮೀರಿದ್ದು ಎಷ್ಟು ಎಂಬುದಕ್ಕಿಂತ ಮೀರಿದ್ದೇ ಗಮನಕ್ಕೆ ಬರಬೇಕು ಎಂಬ ಕಾಳಜಿಯಲ್ಲಿ.

ಗ್ಯಾರೆಟ್ ಹಾರ್ಡಿನ್ ಎಂಬ ಅಮೆರಿಕದ ಜೀವವಿಜ್ಞಾನಿ 1968ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬರೆದ ಲೇಖನವೊಂದು ಬಹು ಪ್ರಸಿದ್ಧ. ಎಲ್ಲರಿಗೂ ತೆರೆದಿರುವ ಗೋಮಾಳದಲ್ಲಿ ಪ್ರತಿಯೊಬ್ಬನೂ ತನಗೊಂದು ದನ ಹೆಚ್ಚಿರಲಿ ಎಂದು ಬಿಡುತ್ತಾ ಹೋಗಿ ಕಡೆಗೆ ಗೋಮಾಳವೇ ಬರಡಾಗುತ್ತದೆ ಎಂಬುದು ಅದರ ತಿರುಳು. ತರ್ಕ ಅಚ್ಚುಕಟ್ಟಾಗಿದೆ. ಇತಿಹಾಸ ಹಾಗೆ ನಡೆದಿಲ್ಲ. ಇಂಗ್ಲೆಂಡಿನ ಗೋಮಾಳಗಳು ಎಲ್ಲರಿಗೂ ತೆರೆದಿರಲಿಲ್ಲ; ಯಾವ ಮನೆಗೆ ಎಷ್ಟು ದನ, ಎಷ್ಟು ಕುರಿ ಎಂಬ ಮಿತಿ ಇತ್ತು. ಲ್ಯಾಕ್ಸ್‌ಟನ್ನಿನಲ್ಲಿ ಆ ಹಕ್ಕಿಗೆ ‘ಗೇಟ್’ ಎಂದು ಹೆಸರು. ಬಾಗಿಲೆಂಬ ಅರ್ಥದ ಗೇಟ್ ಅಲ್ಲ, ದನವೊಂದು ಮೇಯುವ ಹಕ್ಕು. ಇಂದು ಸೈಕ್‌ಗಳ ಹುಲ್ಲನ್ನು ಬೇಸಿಗೆಯಲ್ಲಿ ಹರಾಜು ಹಾಕಿ ಬಂದ ಹಣವನ್ನು ಹಕ್ಕುದಾರರು ಹಂಚಿಕೊಳ್ಳುತ್ತಾರೆ. ಹಳೆಯ ಮೈಸೂರಿನ ಹುಲ್ಲುಬನ್ನಿಯ ಲೆಕ್ಕ ಓದಿದವರಿಗೆ ಇದು ಹೊಸದೆನಿಸದು. ಗೊಬ್ಬರ, ವಿಷ ಕಾಣದ ಆ ಹುಲ್ಲುಪಟ್ಟಿಗಳಲ್ಲಿ ಬೇರೆಡೆ ಅಳಿದುಹೋದ ಹೂಗಿಡಗಳು ಉಳಿದುಕೊಂಡಿವೆ. ಹಾರ್ಡಿನ್ನನ ತರ್ಕಕ್ಕೆ ವ್ಯವಸ್ಥಿತವಾದ ಉತ್ತರವನ್ನು ಎಲಿನಾರ್ ಆಸ್ಟ್ರಂ 1990ರ ತಮ್ಮ ಗ್ರಂಥದಲ್ಲಿ ಕೊಟ್ಟರು. 2009ರಲ್ಲಿ ಅರ್ಥಶಾಸ್ತ್ರದ ನೊಬೆಲ್ ಪಾರಿತೋಷಕವನ್ನು ಪಡೆದ ಮೊದಲ ಮಹಿಳೆ ಅವರು. ಬಳಸುವವರೇ ನಿಯಮ ಮಾಡಬೇಕು, ಬಳಸುವವರೇ ಕಾವಲು ಕಾಯಬೇಕು, ಮೊದಲ ತಪ್ಪಿಗೆ ದಂಡ ಹಗುರವಾಗಿರಬೇಕು ಎಂಬ ಅವರ ಸೂತ್ರಗಳನ್ನು ಓದಿದರೆ ಡವ್‌ಕೋಟ್ ಇನ್ನಿನ ಸಭೆ ಕಣ್ಣಿಗೆ ಕಟ್ಟುತ್ತದೆ.

ಇಷ್ಟೆಲ್ಲ ಹೇಳಿದ ಮೇಲೆ ಈ ಚಿತ್ರದ ಇನ್ನೊಂದು ಮುಖವನ್ನು ಮರೆಮಾಚುವುದು ಅಪ್ರಾಮಾಣಿಕವಾಗುತ್ತದೆ. ನೆರೆಹೊರೆಯವರು ತಮ್ಮ ವ್ಯವಹಾರವನ್ನು ತಾವೇ ನೋಡಿಕೊಳ್ಳುವ ಪದ್ಧತಿಯಲ್ಲಿ ‘ತಮ್ಮವರು’ ಯಾರು ಎಂಬ ಪ್ರಶ್ನೆ ಸದಾ ಹೊಂಚುಹಾಕುತ್ತಿರುತ್ತದೆ. ಸಸೆಕ್ಸ್ ಪ್ರಾಂತದ ಈಸ್ಟ್ ಹೋತ್‌ಲಿ ಎಂಬ ಹಳ್ಳಿಯ ಅಂಗಡಿಕಾರ ತಾಮಸ್ ಟರ್ನರ್ 1754ರಿಂದ 1765ರವರೆಗೆ ಬರೆದಿಟ್ಟ ದಿನಚರಿ ಇದಕ್ಕೆ ಒಳ್ಳೆಯ ಆಧಾರ. ಊರಿನಲ್ಲಿ ಅವನು ಮಾಡದ ಕೆಲಸವಿಲ್ಲ. ದಿನಸಿ, ಬಟ್ಟೆ ಮಾರುತ್ತಾನೆ, ನೆರೆಯವರ ಲೆಕ್ಕ ಬರೆದುಕೊಡುತ್ತಾನೆ, ಉಯಿಲು ಬರೆಯುತ್ತಾನೆ, ಶವಸಂಸ್ಕಾರದ ಏರ್ಪಾಡು ಮಾಡುತ್ತಾನೆ, ಕೆಲಕಾಲ ಮಕ್ಕಳಿಗೆ ಪಾಠವನ್ನೂ ಹೇಳಿದ್ದಾನೆ. ನೆರೆಯವರ ಮನೆಯಲ್ಲಿ, ಊರ ಪಾದ್ರಿಯೂ ಸೇರಿದಂತೆ, ಬೆಳತನಕ ಕುಡಿದು ಕುಣಿದು, ಮಾರನೆಯ ದಿನ ತಲೆನೋವಿನೊಡನೆ ಪಶ್ಚಾತ್ತಾಪ ಬರೆಯುವ ಪುಟಗಳು ಸಾಹಿತ್ಯದ ವಿದ್ಯಾರ್ಥಿಗಳಿಗೆ ಗೊತ್ತು. ಅದೇ ಟರ್ನರ್ ಪ್ಯಾರಿಷಿನ ಬಡವರ ಮೇಲ್ವಿಚಾರಕನೂ ಆಗಿದ್ದ. 1601ರ ಬಡವರ ಕಾಯ್ದೆಯಂತೆ ಒಂದೊಂದು ಪ್ಯಾರಿಷೂ ತನ್ನ ಬಡವರನ್ನು ತಾನೇ ಸಾಕಬೇಕು. ಅದಕ್ಕೆ ನೆರೆಯವರೇ ತೆರಿಗೆ ಕೊಡಬೇಕು. 1662ರ ವಸತಿ ಕಾಯ್ದೆಯಂತೆ ಹೊಸದಾಗಿ ಬಂದವನು ಮುಂದೆ ಹೊರೆಯಾಗುವ ಸಂಭವ ಕಂಡರೆ ನಲವತ್ತು ದಿನಗಳೊಳಗೆ ದೂರು ಕೊಟ್ಟು ಅವನನ್ನು ಹಿಂದಿನ ಊರಿಗೆ ಅಟ್ಟಿಸಬಹುದು.

ಎಲ್ಲಕ್ಕಿಂತ ಹೆಚ್ಚಿನ ಹೊರೆ ಯಾರು? ಗಂಡನಿಲ್ಲದ ಗರ್ಭಿಣಿ. ಮಗು ಎಲ್ಲಿ ಹುಟ್ಟಿತೋ ಆ ಪ್ಯಾರಿಷಿನ ಲೆಕ್ಕಕ್ಕೆ ಸೇರುತ್ತದೆ. ಆದ್ದರಿಂದ ಆಕೆಯನ್ನು ಪ್ರಶ್ನಿಸಬೇಕು, ತಂದೆಯ ಹೆಸರು ಹೊರಡಿಸಬೇಕು, ಸಾಧ್ಯವಾದರೆ ಬೇರೆ ಪ್ಯಾರಿಷಿನ ಯಾರಿಗಾದರೂ ಮದುವೆ ಮಾಡಿಸಿ ಎಲ್ಲೆ ದಾಟಿಸಬೇಕು. ಟರ್ನರನ ದಿನಚರಿಯಲ್ಲಿ ಇಂಥ ಓಡಾಟಗಳು ಬರುತ್ತವೆ. ಅಂಗಡಿಯ ಲೆಕ್ಕದ ನಡುವೆಯೇ ಬರುತ್ತವೆ. ಅವನು ಕೆಟ್ಟವನಾಗಿರಲಿಲ್ಲ. ನೆರೆಯವರ ಹಣವನ್ನು ಉಳಿಸಲು ಹೊರಟಿದ್ದ. ಒಳಗಿನವರ ಹುಲ್ಲನ್ನು ನ್ಯಾಯವಾಗಿ ಹಂಚುವ ಅದೇ ಬಿಗಿಯಾದ ಕಟ್ಟು ಹೊರಗಿನವಳನ್ನು ಗಡಿಯಾಚೆಗೆ ನೂಕುತ್ತಿತ್ತು. ಹಳ್ಳಿಯ ಸ್ವಯಮಾಡಳಿತವನ್ನು ಹೊಗಳುವ ಲೇಖನಗಳು, ಅವು ಯಾವ ದೇಶದವೇ ಇರಲಿ, ಈ ಹೆಣ್ಣಿನ ಬಳಿಗೆ ಬಂದಾಗ ಹೆಜ್ಜೆ ಬದಲಿಸಿಬಿಡುತ್ತವೆ.

ಲ್ಯಾಕ್ಸ್‌ಟನ್ ಒಂದು ಉಳಿದುದಕ್ಕೆ ಅಲ್ಲಿಯ ಜನರ ಸದ್ಗುಣವೇ ಕಾರಣವೆಂದು ಹೇಳಲು ಬಾರದು. ಸುಮಾರು 1760ರಿಂದ ಪಾರ್ಲಿಮೆಂಟು ಒಂದೊಂದು ಹಳ್ಳಿಗೂ ಒಂದೊಂದು ಕಾಯ್ದೆ ಮಾಡಿ ಬಯಲು ಹೊಲಗಳಿಗೆ ಬೇಲಿ ಹಾಕಿಸಿತು. ಕವಿ ಜಾನ್ ಕ್ಲೇರ್‌ನ ಹುಟ್ಟೂರು ಹೆಲ್ಪ್‌ಸ್ಟನ್ನಿಗೆ ಆ ಕಾಯ್ದೆ ಬಂದದ್ದು 1809ರಲ್ಲಿ. ಅವನ ಕಾವ್ಯದ ಅಳಲಿನ ಮೂಲ ಅದು. ಲ್ಯಾಕ್ಸ್‌ಟನ್ನಿಗೂ ಬೇಲಿ ಬರಬಹುದಿತ್ತು. ಹೊಲಗಳ ಕೆಲವು ಭಾಗಕ್ಕೆ ಬಂದೂ ಇತ್ತು. ಆದರೆ ಊರಿನ ಭೂಮಿ ಇಬ್ಬರು ದೊಡ್ಡ ಒಡೆಯರ ನಡುವೆ, ಮ್ಯಾನ್‌ವರ್ಸ್ ಮತ್ತು ಸ್ಕಾರ್‌ಬರೋ ಮನೆತನಗಳ ನಡುವೆ, ಹೆಣೆದುಕೊಂಡಿತ್ತು. ಭೂಮಿಯ ಅದಲುಬದಲಿಗೆ ಅವರಿಬ್ಬರೂ ಒಪ್ಪಂದಕ್ಕೆ ಬರಲಾರದೆ ಹೋದರು. ನೆರೆಹೊರೆಯ ಒಪ್ಪಂದಕ್ಕೆ ಮಾದರಿಯೆನಿಸಿದ ಹೊಲಗಳು ಉಳಿದದ್ದು ಇಬ್ಬರು ನೆರೆಯವರು ಒಪ್ಪದಿದ್ದುದರಿಂದ! ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಮ್ಯಾನ್‌ವರ್ಸ್ ಅರ್ಲ್ ಸಣ್ಣ ಪಟ್ಟಿಗಳನ್ನು ಕೂಡಿಸಿ ದೊಡ್ಡದು ಮಾಡಿಸಿದ. 1635ರಲ್ಲಿ ಮಾರ್ಕ್ ಪಿಯರ್ಸ್ ಎಂಬ ಸರ್ವೇಯರ್ ಅಂದಿನ ಒಡೆಯ ಸರ್ ವಿಲಿಯಂ ಕೋರ್ಟನ್ನನಿಗಾಗಿ ತಯಾರಿಸಿದ ನಕ್ಷೆ ಇಂದು ಆಕ್ಸ್‌ಫರ್ಡಿನ ಬಾಡ್ಲಿಯನ್ ಗ್ರಂಥಾಲಯದಲ್ಲಿದೆ. ಅದರಲ್ಲಿ ಒಂದೊಂದು ಪಟ್ಟಿಯೂ ಕೂದಲೆಳೆಯಂತೆ ಸಣ್ಣಗೆ ಬಿಡಿಸಲ್ಪಟ್ಟಿದೆ. ಪಟ್ಟಿಗಳ ಮೇಲೆ ಉಳುವವರು, ಕೊಯ್ಯುವವರು, ದನಗಳು ಬೆರಳುಗುರಿನ ಗಾತ್ರದಲ್ಲಿ ಚಿತ್ರಿತವಾಗಿವೆ. ಇಂದಿನ ಹೊಲದಲ್ಲಿ ನಿಂತು ಆ ನಕ್ಷೆಯನ್ನು ನೋಡಿದರೆ ಹೊಲಗಳ ಅಂಚು ಹೊಂದುತ್ತದೆ, ಒಳಗಿನ ಗೆರೆಗಳು ಹೊಂದುವುದಿಲ್ಲ.

ಆಮೇಲಿನ ಚರಿತ್ರೆ ಮಾಲೀಕರ ಬದಲಾವಣೆಯ ಚರಿತ್ರೆ. 1952ರಲ್ಲಿ ಊರು ಕೃಷಿ ಸಚಿವಾಲಯದ ವಶಕ್ಕೆ ಬಂತು. 1970ರ ದಶಕದ ಕೊನೆಗೆ ಸರಕಾರ ಅದನ್ನು ಮಾರುವ ಮಾತೆತ್ತಿದಾಗ ವಿದ್ವಾಂಸರೂ ಊರವರೂ ಗಾಬರಿಗೊಂಡರು. 1981ರಲ್ಲಿ ರಾಜಮನೆತನದ ಆಸ್ತಿಯನ್ನು ನೋಡಿಕೊಳ್ಳುವ ಕ್ರೌನ್ ಎಸ್ಟೇಟ್ ಅದನ್ನು ಕೊಂಡಿತು. 2020ರಲ್ಲಿ ಮತ್ತೆ ಮಾರಾಟವಾಗಿ ಹಳೆಯ ಮ್ಯಾನ್‌ವರ್ಸ್ ಮನೆತನಕ್ಕೆ ಸಂಬಂಧಿಸಿದ ತೋರ್ಸ್‌ಬಿ ಎಸ್ಟೇಟಿನ ಕೈಸೇರಿದೆ. ಈ ನಡುವೆ 1977ರ ಕಾಯ್ದೆಯೊಂದು ಇಂಥ ಮ್ಯಾನರ್ ನ್ಯಾಯಾಲಯಗಳ ಅಧಿಕಾರವನ್ನು ಕೊನೆಗಾಣಿಸಿತು. ಲ್ಯಾಕ್ಸ್‌ಟನ್ ಸೇರಿದಂತೆ ಕೆಲವಕ್ಕೆ ಮಾತ್ರ ರೂಢಿಯ ಕೆಲಸ ನಡೆಸಿಕೊಂಡು ಹೋಗಲು ಅವಕಾಶವಿತ್ತಿತು. ಮಾಲೀಕ ಯಾರೇ ಆಗಲಿ, ಗೂಟ ಹೊಡೆಯುವ ಕೈ ಗೇಣಿದಾರರದೇ ಆಗಿ ಉಳಿದಿದೆ.

ಭಯವಿರುವುದು ಮಾಲೀಕರ ಕಡೆಯಿಂದಲ್ಲ. ಹಳ್ಳಿಯ ಬೀದಿಗೆ ಗೋಡೆಯ ಮಗ್ಗುಲು ಮಾಡಿ ನಿಂತ ಇಟ್ಟಿಗೆಯ ಬೇಸಾಯದ ಮನೆಗಳಲ್ಲಿ ಈಗ ಬೇಸಾಯವಿಲ್ಲದವರ ಸಂಸಾರಗಳೂ ಇವೆ. ಯಂತ್ರಗಳು ಹಿಗ್ಗಿವೆ, ಒಕ್ಕಲುಗಳು ಕುಗ್ಗಿವೆ. ಹನ್ನೆರಡು ಮಂದಿ ಪಂಚರು ಬೇಕಾದರೆ ಅದಕ್ಕಿಂತ ಹೆಚ್ಚು ಮಂದಿ ಉಳುವವರು ಊರಿನಲ್ಲಿ ಇರಬೇಕಾಗುತ್ತದೆ. ಇಲ್ಲವಾದರೆ ತಪ್ಪು ಮಾಡಿದವನೂ ತೀರ್ಪು ಕೊಡುವವನೂ ಒಬ್ಬನೇ ಆಗಿಬಿಡುತ್ತಾನೆ. ಹಳ್ಳದಂಚಿನ ಅಂಗುಲಗಳಿಗಾಗಿ ಅಳೆಯುವ, ವಾದಿಸುವ, ಮುನಿಸಿಕೊಳ್ಳುವ ನೆರೆಯವರೇ ಇಲ್ಲದ ದಿನ ಜಗಳವೂ ಇರುವುದಿಲ್ಲ, ಜ್ಯೂರಿಯೂ ಇರುವುದಿಲ್ಲ.

ಸಭೆ ಮುಗಿದ ಮೇಲೆ ಡಿಸೆಂಬರಿನ ಕತ್ತಲಲ್ಲಿ ಜನ ಮನೆಗಳಿಗೆ ಚದುರುತ್ತಾರೆ. ದಂಡ ತೆತ್ತವನು ವಸಂತ ಬರುವ ಮೊದಲು ಗೂಟದ ಈಚೆಗೆ ಸರಿಯುತ್ತಾನೆ; ಅವನು ಉತ್ತ ಸಾಲಿನಲ್ಲಿ ಹುಲ್ಲು ಮತ್ತೆ ಕೂಡಿಕೊಳ್ಳಲು ಒಂದೆರಡು ಮಳೆಗಾಲ ಹಿಡಿಯುತ್ತದೆ. ಗೂಟದ ಒಂದು ಮಗ್ಗುಲಲ್ಲಿ ಗೋಧಿಯ ಮೊಳಕೆ ಆಗಲೇ ನಾಲ್ಕು ಬೆರಳು ಎದ್ದಿರುತ್ತದೆ.